ಗುರಾಣಿ ಬಿಸಾಡಿದವನ ಬುದ್ಧಿಮಾತು

ರಣರಂಗದಲ್ಲಿ ಕಾಲಿಗೆ ಬುದ್ಧಿ ಹೇಳಿದ ಕವಿಗಳು ಎಷ್ಟೋ ಇದ್ದಾರು. ಹೇಳಿದ್ದನ್ನು ಪದ್ಯ ಕಟ್ಟಿ ಊರಿಗೆಲ್ಲ ಸಾರಿದವರು ಕಡಿಮೆ. ರೋಮಿನ ಹೊರೇಸ್ ಆ ಕಡಿಮೆ ಜನರಲ್ಲೊಬ್ಬ. ಕ್ರಿ.ಪೂ. 42ರಲ್ಲಿ ಫಿಲಿಪ್ಪಿಯಲ್ಲಿ ಬ್ರೂಟಸನ ಪಡೆ ಸೋತಾಗ, ಅದರಲ್ಲಿ ಅಧಿಕಾರಿಯಾಗಿದ್ದ ಈ 22ರ ಹುಡುಗ ಗುರಾಣಿಯನ್ನು ಅಲ್ಲೇ ಬಿಟ್ಟು ಓಡಿದನಂತೆ. ಗ್ರೀಕರ ಆರ್ಕಿಲೋಕಸ್ ಎಂಬ ಕವಿಯೂ ಶತಮಾನಗಳ ಹಿಂದೆ ಹೀಗೇ ಬರೆದಿದ್ದನಾದ್ದರಿಂದ, ಹೊರೇಸನ ಓಟವೂ ನಕಲೇ ಎಂದು ಅನುಮಾನಿಸುವ ಪಂಡಿತರಿದ್ದಾರೆ. ಪಂಡಿತರು ಓಡಿಹೋಗುವವನನ್ನೂ ಬಿಡುವುದಿಲ್ಲ.

ಅಪ್ಪ ಒಂದು ಕಾಲಕ್ಕೆ ಗುಲಾಮನಾಗಿದ್ದು ಬಿಡುಗಡೆ ಪಡೆದವನು. ಹರಾಜಿನ ಹಣ ವಸೂಲಿ ಮಾಡುವ ಕೆಲಸ. ದಕ್ಷಿಣ ಇಟಲಿಯ ವೆನೂಸಿಯಾದಿಂದ ಮಗನನ್ನು ರೋಮಿಗೆ ಕರೆತಂದು, ಬೆತ್ತಕ್ಕೆ ಹೆಸರಾದ ಓರ್ಬಿಲಿಯಸ್ ಮೇಷ್ಟರ ಕೈಗೊಪ್ಪಿಸಿ ಓದಿಸಿದ. ಮಗ ಯುದ್ಧದಿಂದ ಮರಳುವ ಹೊತ್ತಿಗೆ ಅಪ್ಪನ ಮನೆಯೂ ಇರಲಿಲ್ಲ, ಜಮೀನೂ ಇರಲಿಲ್ಲ. ದುಡ್ಡು ಕೊಟ್ಟು ಖಜಾನೆಯಲ್ಲೊಂದು ಗುಮಾಸ್ತೆ ಕೆಲಸ ಗಿಟ್ಟಿಸಿಕೊಂಡ. (ಈ ಪದ್ಧತಿ ನಮಗೇನೂ ಹೊಸದಲ್ಲ.) ಕವಿ ವರ್ಜಿಲ್ ಅವನನ್ನು ಶ್ರೀಮಂತ ಮೆಸೀನಾಸನಿಗೆ ಪರಿಚಯಿಸಿದ. ಮೆಸೀನಾಸ್ ಒಂಬತ್ತು ತಿಂಗಳು ಸುಮ್ಮನಿದ್ದು, ಆಮೇಲೆ ಕರೆಸಿಕೊಂಡ. ಕಾಯಿಸಿದ್ದಕ್ಕೆ ಬಡ್ಡಿಯೋ ಎಂಬಂತೆ ಮುಂದೆ ಸಬೈನ್ ಬೆಟ್ಟಗಳ ನಡುವೆ ಒಂದು ತೋಟವೂ ಸಿಕ್ಕಿತು.

ಕಷ್ಟ ಬಂದಾಗ ಕುಗ್ಗಬೇಡ, ಸುಖ ಬಂದಾಗ ಉಬ್ಬಬೇಡ ಎಂಬ ಅವನ ಹೆಸರಾಂತ ಪದ್ಯಗಳು ಬಂದದ್ದು ಇದಾದ ಮೇಲೆ. ಆದರೆ ಅವನ್ನು ಯಾರಿಗೆ ಬರೆದ ನೋಡಿ. ಒಂದು ಡೆಲ್ಲಿಯಸನಿಗೆ. ಈತ ಅಂತರ್ಯುದ್ಧದ ಕಾಲದಲ್ಲಿ ಡೋಲಬೆಲ್ಲಾ, ಕ್ಯಾಸಿಯಸ್, ಆಂಟನಿ, ಕೊನೆಗೆ ಆಕ್ಟೇವಿಯನ್ (ಮುಂದೆ ಅಗಸ್ಟಸ್ ಚಕ್ರವರ್ತಿಯಾದವನು) ಎಂದು ಪಕ್ಷ ಬದಲಿಸುತ್ತಲೇ ಹೋದವನು. ಓಡುವ ಕುದುರೆಯಿಂದ ಕುದುರೆಗೆ ಹಾರುವ ಸವಾರನೆಂದು ಸಮಕಾಲೀನನೊಬ್ಬ ಅವನನ್ನು ಗೇಲಿ ಮಾಡಿದ್ದ. ಸಮಚಿತ್ತ ಅವನಿಗೆ ಮೊದಲೇ ಬೇಕಾದಷ್ಟಿತ್ತು! ನಡುದಾರಿಯೇ ಮೇಲು ಎಂಬ ಇನ್ನೊಂದು ಪದ್ಯ ಲಿಸಿನಿಯಸನಿಗೆ. ವಿದ್ವಾಂಸರಲ್ಲಿ ಹೆಚ್ಚಿನವರು ಗುರುತಿಸುವಂತೆ ಈತನೇ ಮುರೇನಾ ಎಂಬವನಾಗಿದ್ದರೆ, ಅಗಸ್ಟಸನ ವಿರುದ್ಧ ಒಳಸಂಚು ಹೂಡಿದ ಆರೋಪಕ್ಕೆ ಸಿಕ್ಕಿ ಕೆಲವೇ ವರ್ಷಗಳಲ್ಲಿ ತಲೆ ಕಳೆದುಕೊಂಡ. ಬುದ್ಧಿ ಬೇಡದವನಿಗೂ ಬುದ್ಧಿ ಕೇಳದವನಿಗೂ ಪದ್ಯ ಬರೆಯುವುದು ಕವಿಗಳ ಹಣೆಬರಹ.

ಹೋಗಲಿ, ಬರೆದವನಾದರೂ ಪಾಲಿಸಿದನೇ? ಒಂದು ಮಾರ್ಚ್ 1ರಂದು ತೋಟದಲ್ಲಿ ಮರವೊಂದು ಮುರಿದು ಅವನ ತಲೆಯ ಮೇಲೆಯೇ ಬೀಳುವುದಿತ್ತು, ಕೂದಲೆಳೆಯಲ್ಲಿ ತಪ್ಪಿತು. ಸಮಚಿತ್ತದ ಆಚಾರ್ಯ ಮಾಡಿದ್ದೇನು? ಆ ಮರ ನೆಟ್ಟವನನ್ನು ಹಿಡಿದು, ಅವನು ಹೆತ್ತ ಅಪ್ಪನ ಕತ್ತು ಹಿಸುಕಿದವನೇ ಇರಬೇಕು ಎಂದು ಪದ್ಯದಲ್ಲೇ ಶಪಿಸಿದ. ಆಮೇಲೆ ಬದುಕಿ ಉಳಿದದ್ದರ ವಾರ್ಷಿಕೋತ್ಸವವನ್ನು ದ್ರಾಕ್ಷಾರಸದೊಂದಿಗೆ ಆಚರಿಸಿದ. ಸ್ಯಾಟರ್ನೇಲಿಯಾ ಹಬ್ಬದಲ್ಲಿ ಗುಲಾಮರಿಗೆ ಬಾಯಿಬಿಟ್ಟು ಮಾತಾಡುವ ಸಲಿಗೆಯಿತ್ತು. ತನ್ನ ಗುಲಾಮ ದಾವಸನ ಬಾಯಲ್ಲಿ ಹೊರೇಸ್ ತನಗೇ ಛೀಮಾರಿ ಹಾಕಿಸಿಕೊಂಡಿದ್ದಾನೆ: ಪಟ್ಟಣದಲ್ಲಿದ್ದರೆ ಹಳ್ಳಿ ಬೇಕು, ಹಳ್ಳಿಗೆ ಹೋದರೆ ಪಟ್ಟಣ ಬೇಕು, ನಿಮಗಿಂತ ನಾನೇ ಸ್ವತಂತ್ರ ಎಂದು. ಕುಳ್ಳ, ಬೇಗ ತಲೆ ನರೆತವನು, ಮೂಗಿನ ತುದಿಯಲ್ಲೇ ಸಿಟ್ಟು ಆದರೆ ಬೇಗ ಇಳಿಯುತ್ತದೆ ಎಂದು ತನ್ನ ಚಿತ್ರವನ್ನೂ ತಾನೇ ಬರೆದುಕೊಂಡ.

ನನಗೆ ಅವನು ಹಿಡಿಸುವುದೇ ಇದಕ್ಕೆ. ತಾನು ಗೆದ್ದಿದ್ದೇನೆ ಎನ್ನುವವರ ಉಪದೇಶ ಕೇಳುವಾಗ ನಮಗೆ ನಮ್ಮ ಮೇಲೇ ಬೇಸರ ಬರುತ್ತದೆ. ಹೊರೇಸನ ಮಾತು ಹಾಗಲ್ಲ. ಅದು ಮೊದಲು ಅವನಿಗೇ ಬೇಕಾಗಿತ್ತು. ಸಂಜೆ ಪೇಟೆಯಲ್ಲಿ ಸುತ್ತಾಡಿ, ಸೊಪ್ಪು, ಹಿಟ್ಟುಗಳ ರೇಟು ವಿಚಾರಿಸಿ, ಮನೆಗೆ ಬಂದು ಈರುಳ್ಳಿ ಜಾತಿಯ ಸೊಪ್ಪು, ಕಡಲೆಕಾಳು ಉಂಡು ಮಲಗುವುದನ್ನು ಅವನು ಸುಖವೆಂದು ವರ್ಣಿಸುವಾಗ ನಂಬಿಕೆ ಬರುತ್ತದೆ. ಚಕ್ರವರ್ತಿ ಕೊಡಮಾಡಿದ ಕಾರ್ಯದರ್ಶಿ ಹುದ್ದೆಯನ್ನು ಬೇಡವೆಂದವನೂ ಇವನೇ ತಾನೆ.

ಬ್ಯಾಬಿಲೋನಿನ ಜೋಯಿಸರ ಲೆಕ್ಕದಲ್ಲಿ ಆಯುಸ್ಸು ಹುಡುಕುತ್ತಿದ್ದ ಲ್ಯೂಕೊನೊಯೆ ಎಂಬಾಕೆಗೂ ಅವನು ಒಂದು ಪದ್ಯ ಹೇಳಿದ್ದಾನೆ. ನಾಳೆಯನ್ನು ನಂಬಿ ಕೂರದೆ ಇವತ್ತನ್ನು ಬಾಚಿಕೊ ಎನ್ನುವುದು ಅದರ ಸಾರ. ಜಾತಕ ಹಿಡಿದು ಓಡಾಡುವ ನಮ್ಮ ಜನರಿಗೆ ಆಕೆ ಪಕ್ಕದ ಬೀದಿಯವಳಂತೆ ಕಂಡರೆ ಆಶ್ಚರ್ಯವಿಲ್ಲ. ಹೀಗೆ ಹೇಳಿದವನು ಕ್ರಿ.ಪೂ. 8ರ ನವೆಂಬರಿನಲ್ಲಿ, 57ಕ್ಕೆ ಕೆಲವೇ ದಿನ ಬಾಕಿಯಿರುವಾಗ, ಕಾಯಿಲೆ ಒಮ್ಮೆಲೇ ಉಲ್ಬಣಿಸಿ ತೀರಿಕೊಂಡ. ಉಯಿಲಿಗೆ ಮುದ್ರೆ ಒತ್ತುವಷ್ಟೂ ಸಮಯವಿರಲಿಲ್ಲ, ಅಗಸ್ಟಸನೇ ತನ್ನ ವಾರಸುದಾರ ಎಂದು ಬಾಯಲ್ಲೇ ಹೇಳಿದ ಎನ್ನುತ್ತಾನೆ ರೋಮಿನ ಚರಿತ್ರಕಾರ ಸುಯೆಟೋನಿಯಸ್.