ತಾರಸಿಯವರ ಸನ್ನಿಧಾನಕ್ಕೆ ತುಮರಿಯಿಂದ ಒಂದು ಅರಿಕೆ

ಶ್ರೀಮಾನ್ ಆರ್‌ಸಿಸಿ ತಾರಸಿಯವರ ಸನ್ನಿಧಾನಕ್ಕೆ, ಸಾಗರ ತಾಲ್ಲೂಕಿನ ತುಮರಿಯಲ್ಲಿ ತಮ್ಮ ಆಶ್ರಯದಲ್ಲೇ ಬದುಕುತ್ತಿರುವವನ ಸಾಷ್ಟಾಂಗ ನಮಸ್ಕಾರಗಳು. ಈ ಕಡೆ ಪುಷ್ಯ ಮಳೆ ಹಿಡಿದು ಹತ್ತು ದಿನವಾಯಿತು. ತಮ್ಮ ಕೃಪೆಯಿಂದ ನಡುಮನೆಯಲ್ಲಿ ಎರಡು ಬಕೆಟ್ಟು, ದೇವರ ಕೋಣೆಯಲ್ಲಿ ಒಂದು ಪಾತ್ರೆ ಇಟ್ಟಿದ್ದೇವೆ.

ತಾವು ನಮ್ಮ ಮನೆಗೆ ದಯಮಾಡಿಸಿದ್ದು ಸುಲಭದಲ್ಲಲ್ಲ. ಆಗ ಸೇತುವೆ ಇರಲಿಲ್ಲ. ಸಿಮೆಂಟು, ಕಬ್ಬಿಣ, ಜಲ್ಲಿ ಎಲ್ಲವೂ ಅಂಬಾರಗೋಡ್ಲು ದಡದಲ್ಲಿ ಸರದಿ ನಿಂತು, ಲಾಂಚು ಹತ್ತಿ, ಶರಾವತಿಯ ಹಿನ್ನೀರು ದಾಟಿ ಕಳಸವಳ್ಳಿಗೆ ಬರಬೇಕಿತ್ತು. ಬೇಸಿಗೆಯ ಕೊನೆಗೆ ಶರಾವತಿ ತೀರಾ ಇಳಿದರೆ ಲಾಂಚು ವಾಹನಗಳನ್ನೇ ಹತ್ತಿಸಿಕೊಳ್ಳದ ವರ್ಷಗಳುಂಟು. ಮನೆ ಕಟ್ಟುವ ಕಾಲವೂ ಅದೇ. ಹಾಗಾಗಿ ತಮ್ಮ ಸ್ಲ್ಯಾಬಿಗೆ ಮುಹೂರ್ತ ಕೂಡಿ ಬಂದಾಗ ಮೇ ತಿಂಗಳು ಮುಗಿಯುತ್ತಿತ್ತು. ಸುರಿಯಲು ಹಗುರಾಗಲೆಂದು ಮೇಸ್ತ್ರಿ ಕಾಂಕ್ರೀಟಿಗೆ ಇನ್ನೆರಡು ಕೊಡ ನೀರು ಸೇರಿಸಿದರು. ವಾರಗಟ್ಟಲೆ ನೀರು ಕಟ್ಟಿ ನಿಲ್ಲಿಸಬೇಕಾದದ್ದನ್ನು, ಹೇಗೂ ಮಳೆ ಬರುತ್ತದಲ್ಲ ಎಂದು ಮೂರೇ ದಿನಕ್ಕೆ ಕೈಬಿಟ್ಟರು. ಮಳೆ ಎರಡು ವಾರ ತಡವಾಗಿ ಬಂತು. ಅಷ್ಟರಲ್ಲಿ ತಮ್ಮ ಮೈಮೇಲೆ ಕೂದಲೆಳೆಯಂಥ ಬಿರುಕುಗಳು ಮೂಡಿದ್ದವು. ಅವೇ ನಮ್ಮ ಮನೆಯ ಇಂದಿನ ಹೊಳೆಗಳ ಉಗಮಸ್ಥಾನ.

ಬಯಲುಸೀಮೆಯಲ್ಲಿ ತಮಗೆ ಸಲ್ಲುವ ಗೌರವಕ್ಕೆ ನನ್ನ ತಕರಾರಿಲ್ಲ. ಅಲ್ಲಿ ಮಳೆ ಬಂದು ಹೋಗುತ್ತದೆ, ಇಲ್ಲಿ ಬಂದು ಕೂರುತ್ತದೆ. ಚಪ್ಪಟೆಯಾದ ತಮಗೆ ಸುತ್ತ ಮೂರಡಿ ಕಟ್ಟೆ ಕಟ್ಟಿ, ಮೂಲೆಗೊಂದು ಪೈಪು ಇಟ್ಟು, ಮೇಲೆ ಹಲಸಿನ ಎಲೆ ಉದುರಲು ಬಿಟ್ಟರೆ ಅದು ಮಾಡು ಅಲ್ಲ, ಕೆರೆ. ಮಲೆನಾಡಿನಲ್ಲಿ ನೀರನ್ನು ತಡೆಯುವುದಕ್ಕಿಂತ ಬೇಗ ಸಾಗಹಾಕುವುದೇ ಜಾಣತನ. ಇದು ನಮ್ಮ ಹಿರಿಯರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಆದರೂ ಮೊಬೈಲಿನಲ್ಲಿ ಯಾವುದೋ ಊರಿನ ಮನೆಯ ಚಿತ್ರ ತೋರಿಸಿ 'ಇಂಥದ್ದೇ ಬೇಕು' ಅಂದೆ.

ನೀರು ತಮ್ಮ ಮೈಯಲ್ಲಿ ಒಂದು ಕಡೆ ಇಳಿದು, ಒಳಗೇ ಸಂಚರಿಸಿ, ಹತ್ತಡಿ ಆಚೆ ದರ್ಶನ ಕೊಡುವ ಲೀಲೆಗೆ ನಾನು ಬೆರಗಾಗಿದ್ದೇನೆ. ಹಿಂದಿನ ವರ್ಷ ಅದು ವೈರಿಂಗ್ ಪೈಪು ಹಿಡಿದು ಫ್ಯಾನಿನ ಕೊಕ್ಕೆಯಿಂದ ತೊಟ್ಟಿಕ್ಕಿತು. ಬಲ್ಬಿನ ಹೋಲ್ಡರ್ ಬಿಚ್ಚಿದರೆ ಒಳಗೆ ಒಂದು ಚಮಚ ನೀರು. ಅದರ ಕೆಳಗೇ ಮಗು ಮಲಗಿತ್ತು. ಅಡುಗೆಮನೆಯ ಮೇಲೆ ಈಗ ಸಿಮೆಂಟು ಹಕ್ಕಳೆ ಕಿತ್ತು ಬಿದ್ದು ಕಂಬಿ ಕಾಣುತ್ತಿದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಸುತ್ತಲಿನ ಕಾಂಕ್ರೀಟನ್ನು ಒಡೆಯುತ್ತದೆ. ಮೇಲಿಂದ ಬಳಿದ ಬಣ್ಣ ಅದನ್ನು ನಿಲ್ಲಿಸುವುದಿಲ್ಲ.

ಅಡಿಕೆ ಒಣಗಿಸಲು ತಾರಸಿ ಬೇಕೇ ಬೇಕು ಎಂಬ ವಾದವನ್ನು ಮನೆಯಲ್ಲಿ ಗೆಲ್ಲಿಸಿದವನು ನಾನೇ. ಎರಡು ಕೊಯ್ಲು ತಮ್ಮ ಮೇಲೆ ಹರವಿದೆವು, ಕೃತಜ್ಞ. ಮೂರನೇ ವರ್ಷ ಸೋರಿಕೆ ತಾಳಲಾರದೆ ತಮ್ಮ ತಲೆಯ ಮೇಲೆ ಕಬ್ಬಿಣದ ಚೌಕಟ್ಟು ಎತ್ತಿ ನಡುಮನೆಯಷ್ಟಗಲ ಬಿಟ್ಟು ಉಳಿದಲ್ಲೆಲ್ಲ ತಗಡಿನ ಶೀಟು ಹೊದಿಸಿದೆವು. ಒಂದು ಫಸಲಿನ ದುಡ್ಡು ಹೋಯಿತು, ಕೆಳಗೆ ಬಿಸಿಲೂ ಹೋಯಿತು. ಅಡಿಕೆ ಈಗ ಮತ್ತೆ ಅಂಗಳಕ್ಕೇ ಇಳಿದಿದೆ. ಶೀಟಿನ ಸಂದಿಯಿಂದ ಗಾಳಿಮಳೆ ತೂರಿದರೆ ಬಕೆಟ್ಟು ಇನ್ನೂ ಬೇಕು. ನಮ್ಮೂರ ರಸ್ತೆಯಲ್ಲಿ ನಡೆದು ನೋಡಿ, ತಾರಸಿಯ ಮೇಲೆ ತಗಡು ಹೊತ್ತ ಮನೆ ನನ್ನದೊಂದೇ ಅಲ್ಲ. ಒಂದು ಮನೆಗೆ ಎರಡು ಮಾಡಿನ ಖರ್ಚು.

ತಮ್ಮೆದುರು ಅಜ್ಜನ ಮನೆಯ ಮಾತೆತ್ತುವುದಕ್ಕೆ ಕ್ಷಮೆ ಇರಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿ ಬರುವ ಮುಂಚೆ ಅಜ್ಜ ಮನೆಯನ್ನೇ ಬಿಚ್ಚಿದರು. ಹೆಂಚು ಇಳಿಸಿ, ಪಕಾಸಿಗಳಿಗೆ ಸುಣ್ಣದಲ್ಲಿ ಗುರುತು ಹಾಕಿ, ಗಾಡಿಯಲ್ಲಿ ಹೇರಿಕೊಂಡು ದಿಬ್ಬಕ್ಕೆ ತಂದು ಮತ್ತೆ ಜೋಡಿಸಿದರು. ಆ ಸುಣ್ಣದ ಗೀಟು ಅಟ್ಟ ಹತ್ತಿದರೆ ಇವತ್ತಿಗೂ ಕಾಣುತ್ತದೆ. ಒಂದು ಹೆಂಚು ಒಡೆದರೆ ಏಣಿ ಹಾಕಿ ಅದೊಂದನ್ನೇ ಬದಲಿಸಿದರಾಯಿತು. ಸೂರು ಗೋಡೆಗಿಂತ ಮೂರಡಿ ಮುಂದೆ ಚಾಚಿದ್ದರಿಂದ ಜಗಲಿಗೆ ಎರಚಲು ಬಡಿಯುತ್ತಿರಲಿಲ್ಲ, ಕೆಂಪುಕಲ್ಲಿನ ಗೋಡೆ ನೆನೆಯುತ್ತಿರಲಿಲ್ಲ. ತಮಗೆ ಸೂರೇ ಇಲ್ಲ. ಪಡುವಣ ಗಾಳಿಗೆ ಆ ಕಡೆಯ ಗೋಡೆ ಜೂನ್‌ನಿಂದ ದೀಪಾವಳಿಯವರೆಗೆ ಹಸಿರುಗಟ್ಟಿರುತ್ತದೆ, ಕಪಾಟಿನ ಬಟ್ಟೆಗೆ ಬೂಸಲು ಹಿಡಿಯುತ್ತದೆ.

ಹೆಂಚಿನ ಮಾಡಿಗೂ ಕಷ್ಟಗಳಿವೆ. ಮರ ಸಿಗುವುದಿಲ್ಲ, ಕೆಲಸ ಬಲ್ಲ ಆಚಾರಿಗಳು ಕಡಿಮೆ, ಮಂಗಗಳ ಕಾಟ ಬೇರೆ. ಹಾಗಂತ ಇಳಿಜಾರನ್ನು ಬಿಡಬೇಕಿಲ್ಲ. ಕಬ್ಬಿಣದ ಪಕಾಸಿಯ ಮೇಲೂ ಹೆಂಚು ಕೂರುತ್ತದೆ, ಕಾಂಕ್ರೀಟನ್ನೂ ಓರೆಯಾಗಿ ಸುರಿದು ಹೆಂಚು ಹೊದಿಸಬಹುದು. ಇದನ್ನು ಪಾಯ ತೆಗೆಯುವ ಮುಂಚೆ ಕೇಳಬೇಕು. ನಾನು ಕೇಳಿದ್ದು ಗೃಹಪ್ರವೇಶವಾದ ಮೇಲೆ.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಲಾರಿಗಳು ಈಗ ಲಾಂಚಿಗೆ ಕಾಯಬೇಕಿಲ್ಲ. ಸಿಮೆಂಟಿನ ಜೊತೆಗೆ ನಕ್ಷೆಗಳೂ ತಾವೂ ಇನ್ನಷ್ಟು ಬೇಗ ಬರುತ್ತೀರಿ ಎಂಬುದೇ ನನ್ನ ಆತಂಕ. ಕರೂರು, ಬ್ರಾಹ್ಮಣ ಕೆಪ್ಪಿಗೆ, ಕುದರೂರು ಕಡೆಯ ಯಾರಾದರೂ ಹೊಸ ಮನೆಗೆ ಕೈಹಾಕುವವರಿದ್ದರೆ ಒಮ್ಮೆ ಆಷಾಢದಲ್ಲಿ ನಮ್ಮ ಮನೆಗೆ ಬನ್ನಿ, ಒಂದು ರಾತ್ರಿ ಉಳಿಯಿರಿ. ಆಮೇಲೆ ಇಂಜಿನಿಯರ್ ಹತ್ತಿರ ಹೋಗಿ.

ಇನ್ನು ತಮ್ಮಲ್ಲಿ ಕಡೆಯ ವಿನಂತಿ. ದೀಪಾವಳಿ ಕಳೆದ ಮೇಲೆ ನನ್ನ ತಮ್ಮ ಪಕ್ಕದ ಜಾಗದಲ್ಲಿ ಪಾಯ ತೆಗೆಯುತ್ತಾನೆ. ಅವನ ನಕ್ಷೆಯಲ್ಲಿ ಮಾಡು ಎರಡೂ ಕಡೆಗೆ ಇಳಿದಿದೆ, ಸೂರು ಮೂರಡಿ ಮುಂದಿದೆ. ದಯವಿಟ್ಟು ತಾವು ಅಲ್ಲಿಗೆ ಚಿತ್ತೈಸಬೇಡಿ.

ಇಂತಿ,
ತಮ್ಮ ಕೆಳಗೆ ನೆನೆಯುತ್ತಿರುವ,
ತುಮರಿಯ ಒಬ್ಬ ಅಡಿಕೆ ಬೆಳೆಗಾರ