ನಮ್ಮಲ್ಲಿ ಓಪನ್ ಆಗುತ್ತಲ್ಲ!

ಸ್ಮರಣ ಸಂಚಿಕೆಯಿರಲಿ, ಅಭಿನಂದನ ಗ್ರಂಥವಿರಲಿ, ಪತ್ತಿನ ಸಹಕಾರ ಸಂಘದ ವಾರ್ಷಿಕ ವರದಿಯೇ ಇರಲಿ, ಅದರ ಬೆನ್ನಿಗೆ ಒಬ್ಬ ಮಹನೀಯರು ಇದ್ದೇ ಇರುತ್ತಾರೆ. ಅನುಕೂಲಕ್ಕೆ ಅವರನ್ನು ಫಾಂಟಪ್ಪನವರು ಎನ್ನೋಣ. ಇವರು ಲೇಖನವನ್ನು ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪು ಮಾಡಿ ಮೇಲ್ ಮಾಡುತ್ತಾರೆ. ಪಡೆದವನು ಅದನ್ನು ಫೋನಿನಲ್ಲಿ ತೆರೆದರೆ ಅಕ್ಷರಗಳ ಜಾಗದಲ್ಲಿ ಹುಳು ಹರಿದಾಡಿದಂತೆ ಕಾಣುತ್ತದೆ. ಕೇಳಿದರೆ ಉತ್ತರ ಒಂದೇ: “ನಮ್ಮಲ್ಲಿ ಓಪನ್ ಆಗುತ್ತಲ್ಲ!” ರಜೆ ಮುಗಿಸಿ ಮೊಮ್ಮಗುವನ್ನು ವಾಪಸು ಬಿಡಲು ಬಂದ ಅಜ್ಜಿ “ನಮ್ಮನೇಲಿದ್ದಷ್ಟು ದಿನ ಇದು ಅತ್ತಿದ್ದೇ ಇಲ್ಲ” ಅನ್ನುತ್ತಾಳಲ್ಲ, ಅದೇ ರಾಗ. ತಪ್ಪು ಮಗುವಿನದಲ್ಲ, ಅಜ್ಜಿಯದಂತೂ ಅಲ್ಲವೇ ಅಲ್ಲ.

ಫಾಂಟಪ್ಪನವರಿಗೆ ಕಂಪ್ಯೂಟರ್ ಗೊತ್ತಿಲ್ಲ ಎಂದು ಹುಡುಗರು ನಗುತ್ತಾರೆ. ಅದು ಅನ್ಯಾಯ. ಅವರ ಬೆರಳಿನ ವೇಗ ಈ ಹುಡುಗರ ಅಪ್ಪನಿಗೂ ಬರುವುದಿಲ್ಲ. ಗೊಂದಲ ಬೇರೆ ಕಡೆ ಇದೆ. ಹಳೆಯ ಫಾಂಟುಗಳಿಗೆ ಸಿಗುತ್ತಿದ್ದದ್ದು ಒಟ್ಟು 256 ಕೋಣೆಗಳು, ಅವೂ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಹೆಸರಿನಲ್ಲಿದ್ದವು. ಕನ್ನಡದ ಅಕ್ಷರವನ್ನು ತಲೆಕಟ್ಟು, ಕೊಂಬು, ಗುಡಿಸು, ಒತ್ತು ಎಂದು ತುಂಡು ಮಾಡಿ ಆ ಕೋಣೆಗಳಲ್ಲಿ ಬಾಡಿಗೆಗೆ ಇಟ್ಟರು. ಒಳಗೆ ಕನ್ನಡದ ಸಂಸಾರ, ಬಾಗಿಲ ಮೇಲೆ ಮಾಲೀಕನ ಬೋರ್ಡು. ಫಾಂಟು ಇರುವ ಕಂಪ್ಯೂಟರಿಗೆ ಸಂಸಾರ ಕಾಣುತ್ತದೆ, ಇಲ್ಲದ್ದಕ್ಕೆ ಬರೀ ಬೋರ್ಡು. ಹಾಗಾಗಿ ನುಡಿಯಲ್ಲಿ ಬರೆದ ‘ಕನ್ನಡ’ ಎಂಬ ಪದ ಪರಸ್ಥಳದಲ್ಲಿ ಹೀಗೆ ಬಿಚ್ಚಿಕೊಳ್ಳುತ್ತದೆ: ಮೊದಲು ಇಂಗ್ಲಿಷಿನ ಪಿ, ಆಮೇಲೆ ನೆತ್ತಿಯ ಮೇಲೆ ಓರೆಗೆರೆ ಹೊತ್ತ ಎ (ತಲೆಕಟ್ಟಿನ ಮನೆಗೂ ಒಂದು ತಲೆಕಟ್ಟು!), ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ಎ, ನಕಾರದ ಒತ್ತಿನ ಜಾಗದಲ್ಲಿ ಜರ್ಮನ್ನರ ಜೋಡಿ ಎಸ್, ಕೊನೆಗೆ ಕ್ಯೂ, ಇನ್ನೊಂದು ಎ. ರಾಜ್ಯೋತ್ಸವದ ಭಾಷಣ ಕಳಿಸಿದವರ ಫೈಲಿನಲ್ಲಿ ಕನ್ನಡದ ನಟ್ಟನಡುವೆ ವಿಲಾಯಿತಿ ದುಡ್ಡು. ‘ಶ್ರೀ’ಯೋ, ಸೈಟಿನ ಅಳತೆಯಲ್ಲಿ ಚದರಡಿಗೆ ಹಾಕುವ ಪುಟ್ಟ ಎರಡರಿಂದಲೇ ಶುರು.

ಹಾಗಿದ್ದೂ ಫಾಂಟಪ್ಪನವರು ಹಟ ಬಿಡದಿರಲು ಕಾರಣವಿದೆ. ಅವರ ಲೆಕ್ಕದಲ್ಲಿ ಫೈಲು ಎಂಬುದು ಕಾಗದಕ್ಕೆ ಹೋಗುವ ದಾರಿಯಲ್ಲಿ ಸಿಗುವ ಬಸ್‌ಸ್ಟಾಪು. ಅಲ್ಲಿ ಯಾರಾದರೂ ಮನೆ ಕಟ್ಟುತ್ತಾರೆಯೇ? ಅವರು ಕಂಪ್ಯೂಟರಿನಲ್ಲಿ ಬರೆಯುತ್ತಿಲ್ಲ, ಅಚ್ಚಿನ ಮೊಳೆ ಜೋಡಿಸುತ್ತಿದ್ದಾರೆ. ಸಾಕ್ಷಿ ಬೇಕಿದ್ದರೆ ಅವರ ಯಾವ ಫೈಲನ್ನಾದರೂ ನೋಡಿ. ಶೀರ್ಷಿಕೆ ನಡುವಿಗೆ ಬರಲು ಇಪ್ಪತ್ತೆಂಟು ಸಲ ಸ್ಪೇಸ್ ಬಾರ್ ಒತ್ತಿರುತ್ತಾರೆ, ಪ್ರತಿ ಸಾಲಿನ ಕೊನೆಗೆ ಎಂಟರ್ ಹೊಡೆದಿರುತ್ತಾರೆ. ಪುಟ ಕಟ್ಟಲು ಪೇಜ್‌ಮೇಕರೇ ಆಗಬೇಕು. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ, ಪ್ರತಿ ಭಾಷೆಯ ಅಕ್ಷರಕ್ಕೂ ಸ್ವಂತ ಕೋಣೆ ಕೊಡುವ ಯೂನಿಕೋಡ್ ಅದಕ್ಕೆ ಅರ್ಥವಾಗುವುದಿಲ್ಲ. ಆದರೂ ಅದಕ್ಕಾಗಿಯೇ ಹಳೇ ಕಂಪ್ಯೂಟರೊಂದನ್ನು ಮೂಲೆಯಲ್ಲಿ ಜೋಪಾನವಾಗಿ, ಇಂಟರ್ನೆಟ್ಟಿನ ಗಾಳಿ ಸೋಕದಂತೆ ಇಟ್ಟಿರುತ್ತಾರೆ. ಇನ್ನೂ ದೊಡ್ಡ ಸಾಕ್ಷಿ ಅವರ ಜೇಬಿನಲ್ಲೇ ಇದೆ. ಬೆಳಿಗ್ಗೆ ಐದೂವರೆಗೆ ವಾಟ್ಸ್‌ಆ್ಯಪ್‌ನಲ್ಲಿ ಇವರು ಹಂಚುವ ಶುಭೋದಯ ಅಪ್ಪಟ ಯೂನಿಕೋಡ್. ಒತ್ತು, ದೀರ್ಘ ಯಾವುದೂ ಉದುರದೆ ಮೈಸೂರಿನಿಂದ ಮೆಲ್ಬರ್ನಿನವರೆಗೂ ತಲುಪುತ್ತದೆ. ಅಂದರೆ ಪರದೆಯ ಮೇಲೆ ಓದುವುದಕ್ಕೆ ಬರೆದಾಗ ಇವರು ಲೋಕಕ್ಕೆ ಬರೆಯುತ್ತಾರೆ, ಕಾಗದಕ್ಕೆ ಬರೆದಾಗ ತಮ್ಮ ಪ್ರಿಂಟರಿಗೆ ಮಾತ್ರ.

ಇವರನ್ನು ಹೀಗೆ ಆಡಿಕೊಳ್ಳುವುದು ಕೃತಘ್ನತೆಯಲ್ಲವೇ ಎಂದರೆ, ಅರ್ಧ ಹೌದು. ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಕನ್ನಡಕ್ಕೆ 128 ಸ್ಥಾನಗಳ ಓಣಿಯನ್ನು ಮೀಸಲಿಟ್ಟಿದ್ದರು. ಆದರೆ ಆ ಓಣಿಯ ದೀಪ ಜನಸಾಮಾನ್ಯರ ವಿಂಡೋಸ್‌ನಲ್ಲಿ ಹತ್ತಿಕೊಂಡದ್ದು 2001ರ ಎಕ್ಸ್‌ಪಿ ಬಂದ ಮೇಲೆ. ಅಲ್ಲಿಯವರೆಗೆ ಕನ್ನಡ ಕೈಕಟ್ಟಿ ಕೂರಲಿಲ್ಲ. ಕೆ.ಪಿ. ರಾವ್ ಕೀಲಿಮಣೆಯ ವಿನ್ಯಾಸ ಕೊಟ್ಟರು, 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಕನ್ನಡ ಗಣಕ ಪರಿಷತ್ತು ‘ನುಡಿ’ ತಂದಿತು. ಆಗ ಈ ಬಾಡಿಗೆ ಮನೆಯಲ್ಲಿ ಸಂಸಾರ ಹೂಡಿ ಸಾವಿರಾರು ಪುಸ್ತಕ ಹೊರತಂದವರು ಫಾಂಟಪ್ಪನವರೇ. ತಕರಾರು ಇರುವುದು ಉಳಿದ ಅರ್ಧದಲ್ಲಿ. ಸ್ವಂತ ಮನೆ ಕಟ್ಟಿಯಾಯಿತು, ನುಡಿಯಲ್ಲೇ ಯೂನಿಕೋಡ್ ಕೂಡ ಬಂತು, ಇವರು ಮಾತ್ರ ಹಳೇ ವಠಾರದ ನಲ್ಲಿಯ ಮುಂದೆ ಬಿಂದಿಗೆ ಇಟ್ಟು ಸರದಿ ಕಾಯುತ್ತಿದ್ದಾರೆ.

ಕನ್ವರ್ಟರ್ ಇದೆಯಲ್ಲ, ಒಂದು ಗುಂಡಿ ಒತ್ತಿದರೆ ಮುಗಿಯಿತಲ್ಲ ಎನ್ನುವವರು ಅರ್ಕಾವೊತ್ತನ್ನು ಮರೆತಿದ್ದಾರೆ. ಹಳೇ ಫಾಂಟಿನಲ್ಲಿ ಅರ್ಕಾವೊತ್ತು ಕಣ್ಣಿಗೆ ಕಂಡಂತೆ ಅಕ್ಷರದ ನಂತರ ಕೂರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯಂತೆ ರಕಾರ ಮುಂಚೆಯೇ ಬರಬೇಕು. ಕನ್ವರ್ಟರ್ ಇದನ್ನು ಹಿಂದುಮುಂದು ಮಾಡಲು ಮರೆತರೆ ಕರ್ನಾಟಕವು ‘ಕನಾರ್ಟಕ’ವಾಗಿ, ಕಾರ್ಯಕ್ರಮವು ‘ಕಾಯರ್ಕ್ರಮ’ವಾಗಿ ಹೊರಬರುತ್ತದೆ. ಫೈಲಿನ ನಡುವೆ ನಾಲ್ಕು ಇಂಗ್ಲಿಷ್ ಪದ ಇದ್ದವೋ, ಅವೂ ಕನ್ನಡದ ತುಂಡುಗಳೆಂದೇ ಭಾವಿಸಿ ಯಾವ ನಿಘಂಟಿಗೂ ಗೊತ್ತಿಲ್ಲದ ಮಂತ್ರಗಳನ್ನು ಹೊಸೆಯುತ್ತದೆ. ಲೇಖಕರ ಮೇಲ್ ವಿಳಾಸಕ್ಕೆ ಒದಗುವ ಗತಿಯನ್ನು ಹೇಳುವುದೇ ಬೇಡ. ಸರಿ, ಪಿಡಿಎಫ್ ಕಳಿಸಿ ಎಂದರೆ ಅದೇನೋ ನೋಡಲು ಚೆಂದವಾಗೇ ಇರುತ್ತದೆ. ಮುನ್ನೂರು ಪುಟದ ಸಂಚಿಕೆಯಲ್ಲಿ ‘ಕುವೆಂಪು’ ಎಂದು ಹುಡುಕಿದರೆ ಮಾತ್ರ ಅಂಥವರು ಯಾರೂ ಇಲ್ಲ ಎನ್ನುತ್ತದೆ.

ಇಷ್ಟಕ್ಕೆಲ್ಲ ಫಾಂಟಪ್ಪನವರು ಜಗ್ಗುವವರಲ್ಲ. ಅವರು ಅಲುಗಾಡುವುದು ಮಗ ಹೊಸ ಲ್ಯಾಪ್‌ಟಾಪ್ ತಂದುಕೊಟ್ಟ ದಿನ. ಹಳೆಯದನ್ನು ಗುಜರಿಗೆ ಹಾಕಿ, ಪೆನ್‌ಡ್ರೈವಿನಲ್ಲಿ ತುಂಬಿಕೊಂಡ ಇಪ್ಪತ್ತು ವರ್ಷದ ಬರಹಗಳನ್ನು ಒಂದೊಂದಾಗಿ ತೆರೆದರೆ, ಸಾಲುಸಾಲಾಗಿ ಪೌಂಡುಗಳು. ಕೂಡಲೇ ಅವರು ಫೋನೆತ್ತುವುದು, ಹಿಂದೆ ಯಾರಿಗೆಲ್ಲ ಆ ಫೈಲುಗಳನ್ನು ಕಳಿಸಿ ಬೈಸಿಕೊಂಡಿದ್ದರೋ ಅವರಿಗೇ: “ಅದೇ ಕಣಯ್ಯಾ, ಸ್ಮರಣ ಸಂಚಿಕೆದು ಕಳಿಸಿದ್ನಲ್ಲ, ನಿಮ್ಮಲ್ಲಿ ಓಪನ್ ಆಗುತ್ತಾ?”