ತೂಕದ ರಾಯರು

ಬಸವೇಶ್ವರನಗರದ ಹಾವನೂರು ಸರ್ಕಲ್ಲಿನಿಂದ ಯಾವ ಕ್ರಾಸಿಗೆ ತಿರುಗಿದರೂ ರಾಯರ ಮನೆ ಸಿಗುತ್ತದೆ. ಗೇಟಿನ ಪಕ್ಕ ಪಾರಿಜಾತ, ಪೋರ್ಟಿಕೋದಲ್ಲಿ ಹಳೇ ಬೆಡ್‌ಶೀಟ್ ಹೊದ್ದ ಸ್ಕೂಟರು, ಹಾಲಿನ ಗೋಡೆಯ ಮೇಲೆ ಸಿಯಾಟಲ್‌ನ ಮೊಮ್ಮಗಳ ಫೋಟೋ. ಆ ಫೋಟೋದ ಮಗ್ಗುಲ ಮೊಳೆಯಲ್ಲಿ ಕೊಕ್ಕೆಯಿರುವ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ನೇತಾಡುತ್ತಿದ್ದರೆ ವಿಳಾಸ ತಪ್ಪಿಲ್ಲ ಎಂದು ತಿಳಿಯಿರಿ. ಹೆಸರು ಬೇಡ. ನಿಮ್ಮ ಬೀದಿಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ, ಅವರ ಹೆಸರನ್ನೇ ಹಾಕಿಕೊಂಡು ಓದಿ. ನಮ್ಮ ಕಡೆ ಅವರನ್ನು ತೂಕದ ರಾಯರು ಅನ್ನುತ್ತಾರೆ.

ಮಾತು ತೂಕವಾಗಿ ಆಡುತ್ತಾರೆಂದು ಬಂದ ಹೆಸರಲ್ಲ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಮೂರೂ ಕಡೆಯಿಂದ ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೊರಟ ಅಪ್ಪ ಅಮ್ಮಂದಿರ ಪೆಟ್ಟಿಗೆಗಳು ರಾಯರ ಕೊಕ್ಕೆಗೆ ಸಿಕ್ಕದೆ ಏರ್‌ಪೋರ್ಟ್ ಕಂಡಿಲ್ಲ. ತಲೆಗೆ ಎರಡು ಪೆಟ್ಟಿಗೆ, ಪೆಟ್ಟಿಗೆಗೆ 23 ಕೆ.ಜಿ., ಇದು ವಿಮಾನದವರ ಲೆಕ್ಕ. ರಾಯರ ಲೆಕ್ಕ 22.8. "ಆ ಇನ್ನೂರು ಗ್ರಾಂ ಯಾಕೆ ಬಿಟ್ರಿ ಸಾರ್, ಅರ್ಧ ಪ್ಯಾಕೆಟ್ ಸಾರಿನ ಪುಡಿ ಹಿಡೀತಿತ್ತು" ಎಂದು ಯಾರಾದರೂ ಮಿಡುಕಿದರೆ, "ನಮ್ಮ ತಕ್ಕಡಿಗೂ ಅವರ ತಕ್ಕಡಿಗೂ ನಡುವೆ ಧರ್ಮ ಅಂತ ಒಂದಿರುತ್ತೆ, ಅದರ ಪಾಲು" ಅನ್ನುತ್ತಾರೆ. ಮೂವತ್ತನಾಲ್ಕು ವರ್ಷ ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದಲ್ಲಿ ನಟ್ಟು ಬೋಲ್ಟು ಎಣಿಸಿ ರಿಟೈರ್ ಆದ ಕೈ ಅದು.

ಇಂಥ ರಾಯರನ್ನು ಒಂದು ಬೇಸಿಗೆ ಪರೀಕ್ಷೆಗೆ ಗುರಿಮಾಡಿತು. ಸಿಯಾಟಲ್‌ನ ಮಗ ಫೋನು ಮಾಡಿ, "ಅಪ್ಪಾ, ಈ ಸಲ ನೀವಿಬ್ಬರೂ ಬಂದಾಗ ಅಲಾಸ್ಕಾಗೆ ಕ್ರೂಸ್ ಬುಕ್ ಮಾಡಿದೀನಿ. ಏಳು ರಾತ್ರಿ, ಜೂನ್‌ನಲ್ಲಿ. ಸ್ವಲ್ಪ ಬೆಚ್ಚನೆ ಬಟ್ಟೆ ತನ್ನಿ" ಎಂದ. ಹೇಳಿದ್ದು ಅಷ್ಟೇ. ರಾಯರ ಕಿವಿಗೆ ಬಿದ್ದದ್ದು 'ಅಲಾಸ್ಕಾ' ಒಂದೇ ಪದ. ಮಿಡ್ಲ್ ಸ್ಕೂಲಿನ ಭೂಗೋಳ ಪುಸ್ತಕದಲ್ಲಿ ಹಿಮದ ಗೂಡಿನ ಮುಂದೆ ತುಪ್ಪಳ ತೊಟ್ಟು ನಿಂತಿದ್ದವನ ಚಿತ್ರ ಐವತ್ತೈದು ವರ್ಷದ ನಂತರ ಕಣ್ಣ ಮುಂದೆ ಬಂದು ನಿಂತಿತು. ಅಂದು ಸಂಜೆಯೇ ಹೊಸ ಲಾಂಗ್ ನೋಟ್‌ಬುಕ್ ತಂದು ಸ್ಕೇಲಿಟ್ಟು ನಾಲ್ಕು ಕಾಲಂ ಗೀಚಿದರು: ಐಟಂ, ನಗ, ತೂಕ, ಷರಾ.

ಚಳಿಯ ಬಗ್ಗೆ ಬೆಂಗಳೂರಿನವರಿಗಿರುವ ಭಯ ಒಂದು ವಿಚಿತ್ರ ವಸ್ತು. ಕಂಡವರಿಲ್ಲ, ಆದರೂ ಎಲ್ಲರ ಮನೆಯಲ್ಲೂ ಉಂಟು. ಈ ಊರಿನಲ್ಲಿ ದಾಖಲಾದ ಅತಿ ದೊಡ್ಡ ಚಳಿ 1884ರ ಜನವರಿ 13ರದು, 7.8 ಡಿಗ್ರಿ. ರಾಯರು ಆ ಬೆಳಿಗ್ಗೆ ಹಾಲಿಗೆ ಹೋಗಿ ಬಂದವರ ಹಾಗೆ ಅದನ್ನು ವರ್ಣಿಸುತ್ತಾರೆ. ಹದಿನಾರು ಡಿಗ್ರಿಗೇ ನಮ್ಮ ಪಾರ್ಕಿನ ವಾಕಿಂಗ್ ಮಂಡಳಿ ಕಣ್ಣು ಮೂಗು ಬಿಟ್ಟು ಉಳಿದೆಲ್ಲ ಮುಚ್ಚಿಕೊಂಡು, ಪರಸ್ಪರ ಗುರುತು ಸಿಗದೆ, ಕೆಮ್ಮಿನ ಮೇಲೆ ಒಬ್ಬರನ್ನೊಬ್ಬರು ಮಾತಾಡಿಸಿಕೊಳ್ಳುತ್ತದೆ. ಅಲಾಸ್ಕಾದ ರಾಜಧಾನಿ ಜೂನೋದಲ್ಲಿ ಜುಲೈ ಮಧ್ಯಾಹ್ನದ ಬಿಸಿಲು ಹದಿನೇಳು ಹದಿನೆಂಟು ಡಿಗ್ರಿ. ಅಂದರೆ ನಮ್ಮ ಜನವರಿಯ ಬೆಳಗಿನ ಜಾವ. ಹಾಲಿನ ಬೂತಿಗೆ ಹೋಗುವ ಉಡುಪಿನಲ್ಲೇ ರಾಯರು ನೇರ ಹಡಗು ಹತ್ತಬಹುದಿತ್ತು. ಇದನ್ನು ಮಗ ಹೇಳಿದ. ರಾಯರು ನಂಬಲಿಲ್ಲ. "ಅಲ್ಲಿ ಹುಟ್ಟಿದೋರ ಹದಿನೇಳು ಬೇರೆ, ನಮ್ಮ ಹದಿನೇಳು ಬೇರೆ" ಅಂದರು.

ಖರೀದಿ ಶುರುವಾದದ್ದು ಏಪ್ರಿಲ್‌ನಲ್ಲಿ. ಸ್ವೆಟರ್ ಮಾರುವ ಟಿಬೆಟಿನವರು ಚಳಿಗಾಲ ಮುಗಿಯುವ ಹೊತ್ತಿಗೆ ಗಂಟು ಕಟ್ಟಿಬಿಡುತ್ತಾರೆ. ಮೂವತ್ತಾರು ಡಿಗ್ರಿ ಧಗೆಯಲ್ಲಿ ರಾಯರು ಚಿಕ್ಕಪೇಟೆಯ ಅಂಗಡಿಯೊಂದರಲ್ಲಿ "ದಪ್ಪಂದು ತೋರ್ಸಿ, ಇದಕ್ಕಿಂತ ದಪ್ಪಂದು" ಎಂದಾಗ ಅಂಗಡಿಯ ಹುಡುಗ ಮೊದಲು ಅವರಿಗೊಂದು ಲೋಟ ನೀರು ಕೊಟ್ಟು ಕೂರಿಸಿದನಂತೆ. ದಪ್ಪಂದು ಅಟ್ಟದಿಂದ ಬಂತು. ರಾಯರು ಅಲ್ಲೇ ಥರ್ಮಲ್, ಅದರ ಮೇಲೆ ಶರ್ಟು, ಸ್ವೆಟರು, ಜಾಕೆಟ್ಟು ಎಲ್ಲ ಏರಿಸಿ, ಫ್ಯಾನ್ ಆಫ್ ಮಾಡಿಸದೆ ನಿಂತು, "ಗಾಳಿ ಒಳಗೆ ಬರ್ತಿಲ್ಲ" ಎಂದು ಖಾತರಿಪಡಿಸಿಕೊಂಡು ದುಡ್ಡು ಕೊಟ್ಟರು. ಕೈಗವಸಿನ ಪರೀಕ್ಷೆ ಮನೆಯಲ್ಲಿ ನಡೆಯಿತು: ಒಂದು ಕೈಗೆ ತೊಟ್ಟು ಐದು ನಿಮಿಷ ಫ್ರೀಜರಿನಲ್ಲಿ ಇಟ್ಟರು. ಇನ್ನೊಂದು ಕೈಯಲ್ಲಿ ಗಡಿಯಾರ. ಆ ದಿನ ತುರಿದಿಟ್ಟ ತೆಂಗಿನಕಾಯಿಗೆ ಉಣ್ಣೆಯ ವಾಸನೆ.

ಕೊನೆಗೆ ಒಂದು ಬೆಳಗ್ಗೆ ಐದಕ್ಕೆ ಪೂರ್ಣ ವೇಷದಲ್ಲಿ ತಾರಸಿಯ ಮೇಲೆ ರಿಹರ್ಸಲ್ಲು. ಹಾಲು ಹಾಕುವ ಹುಡುಗ ಕತ್ತೆತ್ತಿ ನೋಡಿ ಸೈಕಲ್ಲು ಬಿಟ್ಟು ಓಡಿದ. ಬೀದಿನಾಯಿಗಳು, ವರ್ಷಗಳಿಂದ ಅವರ ಕೈಯ ಬಿಸ್ಕತ್ತು ತಿಂದವು, ಋಣ ಮರೆತು ಬೊಗಳಿದವು.

ಈ ನಡುವೆ ಅಟ್ಟದ ಟ್ರಂಕಿನಿಂದ ಬಿನ್ನಿ ಮಿಲ್ಲಿನ ರಗ್ಗೂ ಇಳಿಯಿತು. ಬಿನ್ನಿಪೇಟೆಯ ಮಿಲ್ಲು ಮುಚ್ಚಿ, ಆ ಜಾಗದಲ್ಲಿ ಮಾಲು ಅಪಾರ್ಟ್‌ಮೆಂಟು ಎದ್ದು ನಿಂತರೂ ಪಶ್ಚಿಮ ಬೆಂಗಳೂರಿನ ಹಳೇ ಮನೆಗಳ ಟ್ರಂಕಿನಲ್ಲಿ, ನುಸಿಗುಳಿಗೆಯ ಕಾವಲಿನಲ್ಲಿ, ಅದಿನ್ನೂ ಬದುಕಿದೆ. ರಾಯರ ತಂದೆಯ ಕಾಲದ ರಗ್ಗು. ತಕ್ಕಡಿ ಮೂರು ಕೆ.ಜಿ. ನೂರು ಗ್ರಾಂ ತೋರಿಸಿತು.

"ಹಡಗಿನಲ್ಲಿ ಹಾಸಿಗೆ ಹೊದಿಕೆ ಕೊಡೋದಿಲ್ವಂತಾ?" ಎಂದು ಅವರ ಹೆಂಡತಿ ಕೇಳಿದರು.

"ಕೊಡ್ತಾರೆ. ಅಕಸ್ಮಾತ್ ಕೊಡದಿದ್ರೆ?"

ರಾಯರ ನೋಟ್‌ಬುಕ್ಕಿನ ಷರಾ ಕಾಲಂ ತುಂಬ ಇದ್ದದ್ದು ಈ ಒಂದೇ ಶಬ್ದ. ಮಂಕಿ ಕ್ಯಾಪು, ನಗ 3: ಒಂದು ತಲೆಗೆ, ಒಂದು ಒಗೆತಕ್ಕೆ, ಒಂದು ಅಕಸ್ಮಾತ್. ಉಣ್ಣೆ ಕಾಲುಚೀಲ, ಜೊತೆ 8: ಅಕಸ್ಮಾತ್. ಇಸ್ತ್ರಿ ಪೆಟ್ಟಿಗೆ, ನಗ 1: ಅಕಸ್ಮಾತ್. ಸೂಟು, ಮಗನ ಆರತಕ್ಷತೆಯದು, ನಗ 1: ಹಡಗಿನ 'ಫಾರ್ಮಲ್ ನೈಟ್' ಊಟಕ್ಕೆ, ಗುಂಡಿ ಹಿಡಿದರೆ. ಮಗುಟ, ನಗ 1: ಸಂಧ್ಯಾವಂದನೆಗೆ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಹತ್ತಕ್ಕೆ ಎಂದು ಮಗ ತಿಳಿಸಿದ ಮೇಲೆ ಸಾಯಂಸಂಧ್ಯೆಯನ್ನು ಊಟಕ್ಕೆ ಮುಂಚೆ ಮಾಡುವುದೋ ನಿದ್ದೆಗೆ ಮುಂಚೆಯೋ ಎಂದು ಎರಡು ದಿನ ಚರ್ಚೆ.

'ಕೆನಡಾ' ಎಂದು ಬರೆದ ಪ್ರತ್ಯೇಕ ಗಂಟೂ ಒಂದಿತ್ತು. ಅದರ ಹಿಂದೆ ಕಾನೂನಿದೆ. ಪರದೇಶದಲ್ಲಿ ನೋಂದಣಿಯಾದ ಹಡಗು ಅಮೆರಿಕದ ಬಂದರಿನಲ್ಲಿ ಜನ ಹತ್ತಿಸಿಕೊಂಡು, ಸುತ್ತಾಡಿಸಿ, ತಿರುಗಿ ಅಲ್ಲೇ ಇಳಿಸಬೇಕಾದರೆ ನಡುವೆ ಒಂದು ಪರದೇಶದ ಬಂದರನ್ನು ಮುಟ್ಟಲೇಬೇಕು. ಇದು 1886ರಿಂದ ಬಂದ ಕಾಯಿದೆ. ಹಾಗಾಗಿ ಸಿಯಾಟಲ್‌ನಿಂದ ಹೊರಟವು ಸಾಮಾನ್ಯವಾಗಿ ಕೆನಡಾದ ವಿಕ್ಟೋರಿಯಾದಲ್ಲಿ ಒಂದು ಸಂಜೆ ನಾಲ್ಕಾರು ಗಂಟೆ ನಿಲ್ಲುತ್ತವೆ. ಅಷ್ಟಕ್ಕೂ ನಮ್ಮ ಪಾಸ್‌ಪೋರ್ಟಿನವರಿಗೆ ಕೆನಡಾದ ವೀಸಾ ಬೇಕು. ವೀಸಾಕ್ಕೆ ಬೆರಳೊತ್ತಿ ಬಂದ ರಾಯರು, "ದೇಶ ಬೇರೆ ಅಂದ್ಮೇಲೆ ಬಟ್ಟೆ ಬೇರೆ ಬೇಡ್ವೇ?" ಎಂದು ಒಂದು ಪ್ಯಾಂಟು, ಒಂದು ಶರ್ಟು, ಒಂದು ಸ್ವೆಟರು ಅದಕ್ಕೇ ಮೀಸಲಿಟ್ಟರು.

ರಾಯರು ಮಧುಗಿರಿ ಕಡೆಯ ಬಯಲುಸೀಮೆಯವರು. ಅವರ ಹೆಂಡತಿ ತೀರ್ಥಹಳ್ಳಿ ಕಡೆಯವರು. ಈ ಮದುವೆಯಲ್ಲಿ ಹವಾಮಾನ ಎಂಬುದು ಮೊದಲಿನಿಂದಲೂ ವಿವಾದದ ವಿಷಯ. ಆಕೆ ಒಂದು ಭಾನುವಾರ ಮಗನನ್ನು ವಿಡಿಯೋ ಕಾಲಿನಲ್ಲಿ ಹಿಡಿದು ಒಂದೇ ಪ್ರಶ್ನೆ ಹಾಕಿದರು: "ಅಲ್ಲಿ ಮಳೆ ಹ್ಯಾಗೋ?"

ಮಗ ಹಡಗು ನಿಲ್ಲುವ ಕೆಚಿಕಾನ್ ಎಂಬ ಊರಿನ ಲೆಕ್ಕ ಕೊಟ್ಟ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು. ಬೆಂಗಳೂರಿಗೆ ಸಾವಿರ ಬಂದರೆ ನಮ್ಮ ರಸ್ತೆಗಳಲ್ಲಿ ದೋಣಿ ಬೇಕು. ಆಗುಂಬೆಯಲ್ಲಿ 7,000 ದಾಟುತ್ತದೆ.

"ಅಂದ್ರೆ ಅರ್ಧ ಆಗುಂಬೆ" ಎಂದರು ಆಕೆ, ಅಷ್ಟು ಹೊತ್ತಿನಲ್ಲಿ ಅಲಾಸ್ಕಾ ಪೂರ್ತಿ ಅರ್ಥವಾದವರ ಹಾಗೆ. "ಕೇಳಿದ್ರಾ? ಅಲ್ಲಿರೋದು ಚಳಿ ಅಲ್ಲ ಮಾರಾಯ್ರೇ, ಥಂಡಿ. ಒದ್ದೆ ಆಗದಿದ್ರೆ ಸಾಕು."

ಮಗನೂ ಅದನ್ನೇ ವಿವರಿಸಿದ. ಒಂದು ದಪ್ಪ ಬಟ್ಟೆಗಿಂತ ಮೂರು ತೆಳ್ಳನೆ ಪದರ ಮೇಲು: ಮೈಗೆ ಅಂಟಿದ್ದು ಬೆವರು ಹೀರಿ ಹೊರಹಾಕಬೇಕು, ನಡುವಿನದು ಬಿಸಿ ಹಿಡಿಯಬೇಕು, ಮೇಲಿನದು ಮಳೆ ಗಾಳಿ ತಡೆಯಬೇಕು. ಹತ್ತಿ ಬನೀನು ಮಾತ್ರ ಕೂಡದು. ಹತ್ತಿ ನೆನೆದರೆ ಮೈಯ ಬಿಸಿಯನ್ನೇ ಕುಡಿಯುತ್ತದೆ, ಉಣ್ಣೆ ನೆನೆದರೂ ಸ್ವಲ್ಪ ಬೆಚ್ಚಗೇ ಇರುತ್ತದೆ. "ನಮ್ಮ ಅಪ್ಪಯ್ಯ ಮಳೆಗಾಲದಲ್ಲಿ ಗದ್ದೆಗೆ ಕಂಬಳಿ ಕೊಪ್ಪೆ ಹಾಕ್ಕೊಂಡು ಹೋಗ್ತಿದ್ದದ್ದು ಸುಮ್ನೆ ಅಲ್ಲ" ಎಂದು ಆಕೆ ತಲೆಯಾಡಿಸಿದರು. ಐವತ್ತು ವರ್ಷ ಹತ್ತಿ ಬನೀನು ತೊಟ್ಟ ರಾಯರಿಗೆ ಇದು ವಂಶದ ನಿಂದೆಯಂತೆ ಕೇಳಿಸಿತು. ಕೊನೇ ಅಸ್ತ್ರ ತೆಗೆದರು. "ಟೈಟಾನಿಕ್ ಮಂಜುಗಡ್ಡೆಗೆ ಗುದ್ದಿದ್ದು ನೆನಪಿದೆಯೋ ಇಲ್ಲವೋ?"

"ಇದೆ. ಸ್ವೆಟರ್ ಕಮ್ಮಿಯಾಗಿ ಸತ್ತಿದ್ದಲ್ಲ ಅವರು, ದೋಣಿ ಕಮ್ಮಿಯಾಗಿ."

ಆಕೆಯ ಪೆಟ್ಟಿಗೆ ಅರ್ಧ ಗಂಟೆಯಲ್ಲಿ ಮುಗಿಯಿತು. ಎರಡು ಜೊತೆ ಥರ್ಮಲ್, ಒಂದು ಉಣ್ಣೆ ಸ್ವೆಟರು, ಟೋಪಿಯಿರುವ ರೈನ್‌ಕೋಟು, ಜಾರದ ಬೂಟು, ನಾಲ್ಕು ಸಲ್ವಾರು, ಫಾರ್ಮಲ್ ನೈಟಿಗೆಂದು ಮುದುಡದ, ತೂಕವಿಲ್ಲದ ಒಂದು ಮೈಸೂರು ಸಿಲ್ಕ್. ಮೇಲೆ, ಹಾಸಿಗೆಯ ಕೆಳಗೆ ಮಡಿಸಿಟ್ಟ ಸೀರೆ ಅಂಗಡಿಯ ದಪ್ಪ ಪ್ಲಾಸ್ಟಿಕ್ ಕವರುಗಳು ನಾಲ್ಕು. 2016ರಲ್ಲಿ ರಾಜ್ಯದಲ್ಲಿ ಪ್ಲಾಸ್ಟಿಕ್ ಕವರು ನಿಷೇಧವಾದ ಮೇಲೆ ಅವು ಆ ಮನೆಯ ಪಿತ್ರಾರ್ಜಿತ ಆಸ್ತಿ. ತಕ್ಕಡಿ ಒಂಬತ್ತು ಕೆ.ಜಿ. ತೋರಿಸಿತು. ರಾಯರು ಬ್ಯಾಟರಿ ಬದಲಾಯಿಸಿ ಮತ್ತೊಮ್ಮೆ ತೂಗಿದರು. ಕವರು ನೋಡಿ, "ಅಮೆರಿಕದ ಹಡಗಿಗೆ ಸೀರೆ ಅಂಗಡಿ ಕವರ್ರೇ? ಮಾನ ಹೋಗುತ್ತೆ" ಎಂದು ನಕ್ಕರು. ಉಳಿದ ಹದಿಮೂರು ಕೆ.ಜಿ. ಎಂಟುನೂರು ಗ್ರಾಂ ಜಾಗವನ್ನು ರಗ್ಗು ಮುಂತಾದ ಅಕಸ್ಮಾತ್‌ಗಳು ತುಂಬಿದವು.

ಮುಂದಿನದನ್ನು ರಾಯರ ಬಾಯಿಂದ ಕೇಳಿದವರಿಗೆ ಒಂದು ಕಥೆ, ಅವರ ಹೆಂಡತಿಯ ಬಾಯಿಂದ ಕೇಳಿದವರಿಗೆ ಇನ್ನೊಂದು. ಎರಡಕ್ಕೂ ಸಾಮಾನ್ಯವಾದಷ್ಟನ್ನು ಹೇಳುತ್ತೇನೆ. ಇಸ್ತ್ರಿ ಪೆಟ್ಟಿಗೆಯನ್ನು ಬೆಂಕಿಯ ಭಯಕ್ಕೆ ಹಡಗಿನವರು ಹತ್ತುವಾಗಲೇ ಇಸಿದುಕೊಂಡು ಚೀಟಿ ಕೊಟ್ಟರು. ಚೀಟಿ ಕೊಟ್ಟ ಶಿಸ್ತಿಗೆ ರಾಯರು ಮೆಚ್ಚಿದರು. ಹಡಗಿನ ಒಳಗೆ ಹೀಟರು ಹಾಕಿ ನಮ್ಮ ಫೆಬ್ರವರಿಯ ಹಾಗೆ ಹದವಾಗಿಟ್ಟಿರುತ್ತಾರೆಂದು ರಾಯರಿಗೆ ಗೊತ್ತಿರಲಿಲ್ಲ. ಫಾರ್ಮಲ್ ನೈಟಿನಲ್ಲಿ ಥರ್ಮಲ್ಲು, ಸ್ವೆಟರು, ಅದರ ಮೇಲೆ ಆರತಕ್ಷತೆಯ ಸೂಟು ತೊಟ್ಟು ಕೂತು, ಸೂಪು ಬರುವ ಮೊದಲೇ ಬೆವರಿ, ಅಕ್ಷತೆ ಕರಗಿ ಮೂಗಿನವರೆಗೆ ಇಳಿಯಿತು. ಬಡಿಸುವವನು ಗಾಬರಿಯಾಗಿ ಐಸ್ ನೀರು ತಂದ. ಅದೇ ಹೊತ್ತಿಗೆ ಮೈಸೂರು ಸಿಲ್ಕಿನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಲು ಅಮೆರಿಕದ ಅಜ್ಜಿಯರು ಸಾಲುಗಟ್ಟಿದ್ದರು.

ರಾಯರ ದಿನವೂ ಒಂದು ಬಂತು. ಹಡಗು ಹಿಮನದಿಯ ಎದುರಿಗೆ ಹೋಗಿ ನಿಂತ ದಿನ. ಕಡಲಿಗೆ ಇಳಿದ ನೀಲಿ ಹಿಮದ ಗೋಡೆ, ಅದರಿಂದ ಹೋಳು ಕಳಚಿ ಬೀಳುವಾಗ ಗುಡುಗಿನಂಥ ಸದ್ದು, ಹಿಮದ ಮೇಲಿಂದ ಬೀಸಿ ಬರುವ ಗಾಳಿ. ಅಲ್ಲಿ ಮಾತ್ರ ಚಳಿ ನಿಜವಾಗಿಯೂ ರಾಯರು ಎಣಿಸಿದಷ್ಟೇ ಇತ್ತು. ಡೆಕ್ಕಿನ ಮೇಲೆ ಎಲ್ಲರೂ ಕಿವಿ ಉಜ್ಜಿಕೊಳ್ಳುತ್ತಿದ್ದಾಗ ಮಂಕಿ ಕ್ಯಾಪಿನೊಳಗೆ ರಾಯರೊಬ್ಬರೇ ನೆಮ್ಮದಿಯಾಗಿದ್ದರು. ಪಕ್ಕದಲ್ಲಿ ಆರಡಿ ಎತ್ತರದ ಅಮೆರಿಕದ ಮುದುಕರೊಬ್ಬರು ಕೆಂಪಗಾದ ಕಿವಿ ಹಿಡಿದು ನಡುಗುವುದು ಕಂಡು, ಜೇಬಿನಿಂದ ನಗ 3ನ್ನು, ಅಂದರೆ ಅಕಸ್ಮಾತನ್ನು, ತೆಗೆದು ಅವರ ತಲೆಗೆ ಇಳಿಸಿದರು. ಇಬ್ಬರೂ ಕಂದು ಬಣ್ಣದ ಮಂಕಿ ಕ್ಯಾಪಿನಲ್ಲಿ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತ ಫೋಟೋ ಈಗ ಮೊಮ್ಮಗಳ ಫೋಟೋದ ಪಕ್ಕ ಕಟ್ಟು ಹಾಕಿಸಿಕೊಂಡಿದೆ. ಬಂದವರಿಗೆಲ್ಲ ಕಾಫಿಗೆ ಮುಂಚೆ ಅದರ ದರ್ಶನ.

ಕೆಚಿಕಾನ್‌ನ ಫೋಟೋ ಕೇಳಿದರೆ ಮಾತ್ರ, "ಅವತ್ತು ಚಾರ್ಜ್ ಇರಲಿಲ್ಲ" ಅನ್ನುತ್ತಾರೆ.

ಅಲಾಸ್ಕಾದಿಂದ ಬಂದ ಜಾಕೆಟ್ಟು ಪೆಟ್ಟಿಗೆ ಸೇರಲಿಲ್ಲ. ನಮ್ಮ ಬಡಾವಣೆಯ ಪದ್ಧತಿಯೇ ಹಾಗೆ. ದಪ್ಪ ಜಾಕೆಟ್ಟನ್ನು ಯಾರೂ ಎರಡನೇ ಸಲ ಕೊಳ್ಳುವುದಿಲ್ಲ, ಇದ್ದವರ ಮನೆಯಿಂದ ಇಸಿದುಕೊಳ್ಳುತ್ತಾರೆ. ಎದುರು ಮನೆಯವರ ಜೊತೆ ಅದು ಕಾಶ್ಮೀರಕ್ಕೆ ಹೋಯಿತು, ಮೇಲಿನ ಬಾಡಿಗೆಯವರ ಜೊತೆ ಮನಾಲಿಗೆ, ಶಂಕರಮಠದ ಹತ್ತಿರದವರೊಬ್ಬರ ಜೊತೆ ಮುಕ್ತಿನಾಥಕ್ಕೆ. ನಮ್ಮ ಕ್ರಾಸಿನಲ್ಲಿ ಆ ಜಾಕೆಟ್ಟು ಕಂಡಷ್ಟು ಲೋಕವನ್ನು ಯಾವ ಮನುಷ್ಯನೂ ಕಂಡಿಲ್ಲ.

ಈ ವರ್ಷ ನಾವು ಬದರಿಗೆ ಹೊರಟೆವು. ನಾನೂ ಹೋಗಿ ಕೇಳಿದೆ. ಸ್ಟೋರ್ಸಿನ ಮನುಷ್ಯ ಬಾಯಿಮಾತಿನಲ್ಲಿ ಸಾಮಾನು ಕೊಡುತ್ತಾರೆಯೇ? ಲಾಂಗ್ ನೋಟ್‌ಬುಕ್ಕಿನ ಹಾಳೆ ಹರಿದು, ನಾಲ್ಕು ಕಾಲಂ ಗೀಚಿ, ನನ್ನಿಂದ ಸಹಿ ಹಾಕಿಸಿಕೊಂಡು, ನಕಲನ್ನು ಜಾಕೆಟ್ಟಿನ ಜೇಬಿಗೇ ಇಟ್ಟು ಕೊಟ್ಟರು. ಅವರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನಗುತ್ತಿದ್ದರು, ಯಾಕೆಂದು ಆಗ ತಿಳಿಯಲಿಲ್ಲ. ಮನೆಗೆ ಬಂದು ಜೇಬಿಗೆ ಕೈ ಹಾಕಿದರೆ ಚೀಟಿಯ ಜೊತೆ ನಾಲ್ಕು ಮಡಿಕೆ ಹಾಕಿದ ದಪ್ಪ ಪ್ಲಾಸ್ಟಿಕ್ ಕವರು. ಸೀರೆ ಅಂಗಡಿಯ ಹೆಸರು ಅರ್ಧ ಅಳಿಸಿದೆ. ಒಂದು ಅಂಚಿನಲ್ಲಿ ಎರಡು ರಂಧ್ರ, ಸುಮಾರಾಗಿ ಕಣ್ಣುಗಳ ಅಂತರದಲ್ಲಿ.

ಚೀಟಿ ಬಿಡಿಸಿ ಓದಿದೆ. ಜಾಕೆಟ್ಟು, ನಗ 1, ಒಂದು ಕೆ.ಜಿ. ನಾನೂರು ಗ್ರಾಂ: ಅಕಸ್ಮಾತ್. ಕೈಗವಸು, ಜೊತೆ 1, ತೊಂಬತ್ತು ಗ್ರಾಂ: ಅಕಸ್ಮಾತ್. ಮಂಕಿ ಕ್ಯಾಪು, ನಗ 1, ನೂರು ಗ್ರಾಂ: ಅಕಸ್ಮಾತ್.

ಕವರು, ನಗ 1, ಇಪ್ಪತ್ತು ಗ್ರಾಂ: ಅತ್ಯಗತ್ಯ.